ಹಾಂಗ್‌ಕಾಂಗ್‌ನಲ್ಲಿ ಹಳೇ ಸೆಲಡಾನ್ ಅಂತ ದುಡ್ಡು ಕೊಡೋ ಮುಂಚೆ ಇದನ್ನು ಓದಿ

ಇದನ್ನು ಬರೆಯಲು ಎರಡು ತಿಂಗಳು ತಡ ಮಾಡಿದೆ. ನಾಚಿಕೆ, ಅಷ್ಟೇ. ಆದರೆ ಕಳೆದ ಶನಿವಾರ, ನನಗೆ ನಕಲಿ ಸೆಲಡಾನ್ ತಟ್ಟೆ ಮಾರಿದ ಅಂಗಡಿ ಮುಂದೆ ಹೋಗುವಾಗ ಗಾಜಿನ ಹಿಂದೆ ಅಂಥದ್ದೇ ಇನ್ನೊಂದು ತಟ್ಟೆ ಕಂಡಿತು. ಅವೇ ಎರಡು ಮೀನು, ತಳದಲ್ಲಿ ಅದೇ ಕಂದು ಬಣ್ಣ. ಇನ್ನು ಸುಮ್ನೆ ಕೂರಲು ಆಗಲಿಲ್ಲ.

ನಾನು ಇಲ್ಲಿಗೆ ಬಂದು ಆರು ವರ್ಷ. ರಜಾ ಬಂದರೆ ಹಳೇ ವಸ್ತುಗಳ ಅಂಗಡಿಗಳಿರುವ ಹಾಲಿವುಡ್ ರೋಡ್, ಕ್ಯಾಟ್ ಸ್ಟ್ರೀಟ್ ಸುತ್ತುತ್ತೇನೆ. ಲಾಂಗ್‌ಚುವಾನ್ ಸೆಲಡಾನ್ ಅಂದರೆ ನನಗೆ ಪ್ರಾಣ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಗೂಡುಗಳಲ್ಲಿ ಸುಟ್ಟ ಪಿಂಗಾಣಿ, ಎಳೇ ಬಾಳೆ ಸುಳಿಯಂಥ ಹಸಿರು. ಚಿಕ್ಕ ಬಟ್ಟಲು ನಾಲ್ಕೈದು ಕೊಂಡಿದ್ದೆ. ದೊಡ್ಡದು ಒಂದೂ ಇರಲಿಲ್ಲ.

ಈ ಅಂಗಡಿಯವನು ಒಳಗಿನ ಕಪಾಟಿನಿಂದ ಜೋಡಿ ಮೀನಿನ ತಟ್ಟೆ ತೆಗೆದ. ಚೀನಾದ ದಕ್ಷಿಣ ಸಾಂಗ್ ರಾಜವಂಶದ ಕಾಲದ್ದು, ಅಂದರೆ 1279ಕ್ಕಿಂತ ಹಿಂದಿನದು ಅಂದ. ನಾನು ಭಾರತದವನು ಅಂತ ಗೊತ್ತಾಯಿತು ನೋಡಿ, ಕಥೆ ಶುರು. "ನಿಮ್ಮ ರಾಜರು ಇಂಥದ್ದರಲ್ಲೇ ಉಣ್ಣುತ್ತಿದ್ದರು. ಊಟದಲ್ಲಿ ವಿಷ ಇದ್ದರೆ ತಟ್ಟೆಯೇ ತೋರಿಸಿಕೊಡುತ್ತದೆ ಅಂತ ನಂಬಿದ್ದರು." ಆ ನಂಬಿಕೆ ಇದ್ದದ್ದು ನಿಜ, ನಾನೂ ಓದಿದ್ದೆ. ಅಲ್ಲೇ ಬಿದ್ದೆ. ಅವನ ಒಂದು ಮಾತು ನಿಜ ಅಂತ ಉಳಿದದ್ದೆಲ್ಲಾ ನಂಬಿದೆ.

ಜೊತೆಗೆ ಥರ್ಮೋಲ್ಯೂಮಿನೆಸೆನ್ಸ್ ಟೆಸ್ಟ್, ಅಂದರೆ ಮಣ್ಣು ಎಷ್ಟು ಹಿಂದೆ ಸುಟ್ಟದ್ದು ಅಂತ ಹೇಳುವ ಪರೀಕ್ಷೆ, ಆಗಿದೆ ಅಂತ ಫೋಟೋ ಇರುವ ಸರ್ಟಿಫಿಕೇಟ್ ಬೇರೆ. 28,000 ಹಾಂಗ್‌ಕಾಂಗ್ ಡಾಲರ್ ಎಣಿಸಿಕೊಟ್ಟೆ. ಸುಮಾರು 3 ಲಕ್ಷ ರೂಪಾಯಿ. ಚೌಕಾಸಿ ಮಾಡಿ 6,000 ಇಳಿಸಿದೆನಲ್ಲ ಅಂತ ಖುಷಿಯಲ್ಲಿ ಮನೆಗೆ ಬಂದೆ.

ಲಾಂಗ್‌ಚುವಾನ್ ತಟ್ಟೆಯ ತಳದ ಬಳೆಯಲ್ಲಿ, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ಕಡೆ, ಸಾಮಾನ್ಯವಾಗಿ ಇಟ್ಟಿಗೆ ಕೆಂಪು ಇರುತ್ತದೆ. ಮಣ್ಣಿನಲ್ಲಿರುವ ಕಬ್ಬಿಣ ಗೂಡಿನಲ್ಲೇ ಹಾಗೆ ಕೆಂಪಾಗುವುದು. ಉಜ್ಜಿದರೆ ಹೋಗುವ ಬಣ್ಣ ಅಲ್ಲ. ನನ್ನದು ಹೋಯಿತು. ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಮೇಲೆ ಕಾಫಿ ಚೆಲ್ಲಿದ ಹಾಗೆ ಕಲೆ. ಇನ್ನೊಮ್ಮೆ ಒರೆಸಿದೆ. ಇನ್ನಷ್ಟು ಹೋಯಿತು. ಅಡಿಯಲ್ಲಿ ಹೊಚ್ಚ ಹೊಸ ಬೂದು ಮಣ್ಣು. ಸಿಂಕ್ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಹೆಂಡತಿ ಬಂದು ನೋಡಿದಳು, ಒಂದು ಮಾತೂ ಆಡದೆ ಒಳಗೆ ಹೋದಳು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಲೆನ್ಸ್ ಹಿಡಿದೆ. ಗೀರುಗಳೆಲ್ಲಾ ಒಂದೇ ದಿಕ್ಕಿಗೆ. ಬಳಸಿ ಬಳಸಿ ಆದ ಗೀರು ಹಾಗಿರುತ್ತಾ? ಇನ್ನು ಆ ಟೆಸ್ಟ್. ಅದಕ್ಕೆ ತಳದಲ್ಲಿ ಡ್ರಿಲ್ ಮಾಡಿ ಚೂರು ಮಣ್ಣು ತೆಗೆಯಬೇಕು. ನನ್ನ ತಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತೂ ಇಲ್ಲ. ಸರ್ಟಿಫಿಕೇಟ್ ಬೇರೆ ಯಾವುದೋ ತಟ್ಟೆಯದ್ದು. ಇದು ಅಂಗಡಿಯಲ್ಲೇ ಹೊಳೆಯಬೇಕಿತ್ತು ನನಗೆ. ಹೊಳೆಯಲಿಲ್ಲ.

ಮರುದಿನ ಹೋದೆ. ಮೊದಲ ಉತ್ತರ: "ಇಷ್ಟು ಹಳೇ ವಸ್ತುವನ್ನು ನೀರಿಗೆ ಯಾಕೆ ಹಾಕಿದಿರಿ? ಹಾಳು ಮಾಡಿದ್ದು ನೀವೇ." ನೀರಿಗೆ ಹಾಳಾಗುತ್ತಾ? 1323ರಲ್ಲಿ ಮುಳುಗಿದ ಹಡಗು ಕೊರಿಯಾದ ಸಿನಾನ್ ಹತ್ತಿರ 1970ರ ದಶಕದಲ್ಲಿ ಸಿಕ್ಕಾಗ ಅದರಲ್ಲಿ ಸಾವಿರಾರು ಸೆಲಡಾನ್ ಇದ್ದವು. ಆರೂವರೆ ಶತಮಾನ ಸಮುದ್ರದಲ್ಲಿದ್ದು ಬಂದವು. ನನ್ನದು ಬೇಸಿನ್ ನೀರಿಗೆ ಬಣ್ಣ ಬಿಟ್ಟಿತಂತೆ!

ತೂತು ಎಲ್ಲಿ ಅಂದೆ. "ಮುಚ್ಚಿಸಿದ್ದೇವೆ." ಎಲ್ಲಿ ಮುಚ್ಚಿಸಿದ್ದು, ತೋರಿಸಿ ಅಂದೆ. "ಕಾಣದ ಹಾಗೆ ಮುಚ್ಚಿಸಿದ್ದೇವೆ."

ದುಡ್ಡು ವಾಪಸ್ ಕೊಡಿ ಅಂದಾಗ ರಸೀದಿ ಓದಿ ಅಂದ. ಓದಿದೆ. "ಲಾಂಗ್‌ಚುವಾನ್ ಶೈಲಿಯ ತಟ್ಟೆ." ಶೈಲಿಯ! ಕಾಲ ಇಲ್ಲ, ಸಾಂಗ್ ಇಲ್ಲ, ಏನೂ ಇಲ್ಲ. ಬಾಯಲ್ಲಿ 1279, ಕಾಗದದಲ್ಲಿ ಶೈಲಿ. ಕೊನೆಗೆ ಟೀ ಕುಡಿಯುತ್ತಾ ಹೇಳಿದ್ದು: "ಈ ವ್ಯವಹಾರದಲ್ಲಿ ಎಲ್ಲರೂ ಫೀಸ್ ಕಟ್ಟಿಯೇ ಕಲಿಯೋದು." ಆ ಮಾತು ಇನ್ನೂ ಕಿವಿಯಲ್ಲಿದೆ.

ಹರಾಜು ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಪರಿಚಯದವರಿಗೆ ತೋರಿಸಿದೆ. ಮೀನನ್ನು ನೋಡಲೇ ಇಲ್ಲ. ಮಗುಚಿ ತಳ ನೋಡಿದರು, ತಲೆ ಅಲ್ಲಾಡಿಸಿ ವಾಪಸ್ ಕೊಟ್ಟರು.

ನೀವೂ ಮೊದಲು ತಳ ನೋಡಿ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ ಅನ್ನಿ, ಬೇಡ ಅಂದರೆ ಅಲ್ಲೇ ಬಿಡಿ. ರಸೀದಿಯಲ್ಲಿ ಕಾಲ ಬರೆದು, ಸುಳ್ಳಾದರೆ ದುಡ್ಡು ವಾಪಸ್ ಅಂತ ಸಹಿ ಹಾಕುತ್ತಾರಾ ಕೇಳಿ. ಟೆಸ್ಟ್ ಪೇಪರ್ ತೋರಿಸಿದರೆ ತೂತು ತೋರಿಸಲು ಹೇಳಿ. ನಮ್ಮ ರಾಜರ ಸುದ್ದಿ ತೆಗೆದರೋ, ತಟ್ಟೆ ಕೆಳಗಿಟ್ಟು ಎದ್ದು ಬನ್ನಿ.