ಬ್ರಾಮ್ಲಿ, ಕಾಕ್ಸ್, ಮರಸೇಬು: ಶರತ್ಕಾಲದ ಮಸಾಲೆ ಟಾರ್ಟ್‌ಲೆಟ್‌ಗಳ ಹೋಲಿಕೆ

ಇಂಗ್ಲೆಂಡಿನ ಕೆಂಟ್‌ನಲ್ಲಿ ನಾವಿರುವ ಊರಿನ ಶನಿವಾರದ ಸಂತೆಯಲ್ಲಿ, ಸೆಪ್ಟೆಂಬರ್ ಬಂತೆಂದರೆ ಸೇಬನ್ನು ಎರಡು ಬೇರೆ ಬೇರೆ ಮೇಜುಗಳ ಮೇಲೆ ಒಟ್ಟಿರುತ್ತಾರೆ. ಒಂದರ ಮೇಲೆ ತಿನ್ನುವ ಸೇಬು, ಇನ್ನೊಂದರ ಮೇಲೆ ಬೇಯಿಸುವ ಸೇಬು. ಸೇಬನ್ನು ಹಾಗೆಯೇ ಕಚ್ಚಿ ತಿಂದು ಬೆಳೆದ ನಮಗೆ ಈ ವಿಂಗಡಣೆ ಹೊಸದು. ಇಲ್ಲಿನ ಅಡುಗೆಯವರಿಗೆ ಮಾತ್ರ ಅದು ಅಕ್ಕಿಯಲ್ಲಿ ದೋಸೆಯ ಅಕ್ಕಿ ಬೇರೆ, ಅನ್ನದ ಅಕ್ಕಿ ಬೇರೆ ಎಂಬಷ್ಟೇ ಸಹಜ. ಈ ವಿಂಗಡಣೆ ನಿಜವಾಗಿಯೂ ನಾಲಿಗೆಗೆ ತಿಳಿಯುತ್ತದೆಯೇ ಎಂದು ನೋಡುವುದಕ್ಕಾಗಿ ಈ ಸಲ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗೆ ಪ್ರತಿ ಶನಿವಾರ ಹಣ್ಣಿನ ಟಾರ್ಟ್‌ಲೆಟ್‌ಗಳನ್ನು ಬೇಯಿಸಿ, ಹಣ್ಣು, ಜಿಡ್ಡು, ಮಸಾಲೆ ಈ ಮೂರನ್ನೂ ಒಂದೊಂದಾಗಿ ಬದಲಿಸಿ ಹೋಲಿಸಿದೆ.

ಟಾರ್ಟ್‌ಲೆಟ್ ಎಂದರೆ ಅಂಗೈಯೊಳಗೆ ಕೂರುವಷ್ಟು ಚಿಕ್ಕದಾದ, ಮೇಲೆ ಮುಚ್ಚಳವಿಲ್ಲದ ಮೈದಾ ಬಟ್ಟಲು ಮತ್ತು ಅದರೊಳಗಿನ ಹಣ್ಣು. ಹೋಳಿಗೆ ಮಾಡುವವರ ಮಾತಿನಲ್ಲಿ ಹೇಳುವುದಾದರೆ ಹೊರಗಿನದು ಕಣಕ, ಒಳಗಿನದು ಹೂರಣ. ತುಪ್ಪ ಹಾಕಿದ ಸಲ ಬಿಟ್ಟು ಉಳಿದೆಲ್ಲ ಸಲ ನಾನು ಬಳಸಿದ ಕಣಕಕ್ಕೆ 200 ಗ್ರಾಂ ಮೈದಾ, 100 ಗ್ರಾಂ ತಣ್ಣನೆಯ ಬೆಣ್ಣೆ, 25 ಗ್ರಾಂ ಪುಡಿ ಸಕ್ಕರೆ, ಒಂದು ಚಿಟಿಕೆ ಉಪ್ಪು ಮತ್ತು ಸುಮಾರು ಮೂರು ದೊಡ್ಡ ಚಮಚ ಐಸ್ ನೀರು ಬೇಕಾಗುತ್ತದೆ. ಇಷ್ಟರಲ್ಲಿ ಹನ್ನೆರಡು ಟಾರ್ಟ್‌ಲೆಟ್ ಆಗುತ್ತವೆ. ಊರಿನಿಂದ ಬಂದಿದ್ದ ಅಮ್ಮ ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಇಲ್ಲಿನವರು ಹಾಕುವ ಮೊಟ್ಟೆಯ ಹಳದಿಯನ್ನು ಬಿಟ್ಟೆ. ಹಳೆಯ ಇಂಗ್ಲಿಷ್ ಪದ್ಧತಿಯಂತೆ ಬೆಣ್ಣೆಯ ಜೊತೆ ಅರ್ಧ ಪಾಲು ಹಂದಿಯ ಕೊಬ್ಬನ್ನು ಸೇರಿಸುವ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲಿಲ್ಲ. ಓವನ್ 200 ಡಿಗ್ರಿ, ಅವಧಿ 22 ನಿಮಿಷ, ಹೂರಣಕ್ಕೆ ಸಿಪ್ಪೆ ತೆಗೆದ 400 ಗ್ರಾಂ ಹಣ್ಣು, ಇವು ಯಾವ ವಾರವೂ ಬದಲಾಗಲಿಲ್ಲ. ತಟ್ಟೆಗಳಿಗೆ ಬರೀ ಅಂಕಿ ಬರೆದಿಟ್ಟು ಅಮ್ಮ, ಯಜಮಾನರು ಮತ್ತು ಮಗಳಿಗೆ ಕೊಟ್ಟೆ. ಯಾವುದರಲ್ಲಿ ಏನಿದೆ ಎಂಬುದನ್ನು ಅವರೆಲ್ಲ ತಿಂದು ಮುಗಿಸಿದ ಮೇಲೆಯೇ ಹೇಳಿದೆ.

ಮೊದಲು ಬೇಯಿಸುವ ಸೇಬಾದ ಬ್ರಾಮ್ಲಿ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಎಂಬ ಊರಿನಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಹುಟ್ಟಿದ ಮರ ಇದರ ಮೂಲ. ಹಣ್ಣಿಗೆ ಬಂದ ಹೆಸರು ಮಾತ್ರ ಆ ಮನೆಯನ್ನು ಮುಂದೆ ಕೊಂಡುಕೊಂಡ ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿಯದು. ಬೀಜ ನೆಟ್ಟವಳ ಹೆಸರು ಹಣ್ಣಿಗೆ ಉಳಿಯಲಿಲ್ಲವಲ್ಲ ಎಂಬ ಬೇಸರ ಪ್ರತಿ ಸಲ ಈ ಸೇಬನ್ನು ಕೈಗೆತ್ತಿಕೊಂಡಾಗಲೂ ನನ್ನನ್ನು ಕಾಡುತ್ತದೆ. ಹಸಿರು ಬಣ್ಣದ, ಒಂದೊಂದೂ ಮುಷ್ಟಿಗಿಂತ ದೊಡ್ಡದಾದ ಈ ಹಣ್ಣಿನಲ್ಲಿ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಹೆಚ್ಚು, ಸಕ್ಕರೆ ಕಡಿಮೆ. ಹಸಿಯಾಗಿ ತಿಂದರೆ ಹಲ್ಲು ಚುಳ್ಳೆನ್ನುತ್ತದೆ. ಬಾಣಲೆಗೆ ಹಾಕಿದ ಆರೇಳು ನಿಮಿಷಗಳಲ್ಲಿ ಹೋಳುಗಳು ಕರಗಿ ನೊರೆಯಂತಹ ಮುದ್ದೆಯಾಗುತ್ತವೆ. 400 ಗ್ರಾಂ ಹಣ್ಣಿಗೆ 80 ಗ್ರಾಂ ಸಕ್ಕರೆ ಹಾಕಿದ ಮೇಲೂ ಉಳಿಯುವ ಆ ಹುಳಿಯೇ ಇದರ ದೊಡ್ಡ ಗುಣ, ಏಕೆಂದರೆ ಹುಣಸೆಹಣ್ಣಿಲ್ಲದ ಸಾರಿನಲ್ಲಿ ಮೆಣಸು, ಜೀರಿಗೆಗಳು ಹೇಗೆ ಪೇಲವವಾಗುತ್ತವೆಯೋ ಹಾಗೆಯೇ ಹುಳಿಯಿಲ್ಲದ ಹಣ್ಣಿನಲ್ಲಿ ಚಕ್ಕೆ, ಲವಂಗಗಳ ಘಮ ಬೇಗ ಮಂಕಾಗುತ್ತದೆ. ಇದರ ದೋಷವೂ ಸಣ್ಣದಲ್ಲ. ಮುದ್ದೆಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಮೊದಲ ವಾರದ ಹನ್ನೆರಡರಲ್ಲಿ ಎಂಟರ ತಳ ಮೆತ್ತಗಾಗಿ, ಎತ್ತುವಾಗ ಅಚ್ಚಿಗೇ ಅಂಟಿಕೊಂಡು ಉಳಿದವು.

ಎರಡನೆಯದು ಕಾಕ್ಸ್. 19ನೇ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಕೋಲ್ನ್‌ಬ್ರುಕ್‌ನಲ್ಲಿ ರಿಚರ್ಡ್ ಕಾಕ್ಸ್ ಬೆಳೆಸಿದ ಈ ತಳಿ ತಿನ್ನುವ ಸೇಬುಗಳಲ್ಲಿ ಇಂಗ್ಲಿಷರಿಗೆ ಅತ್ಯಂತ ಪ್ರಿಯವಾದವುಗಳಲ್ಲಿ ಒಂದು. ಇದರ ಹೋಳುಗಳು ಬೆಂದರೂ ಆಕಾರ ಬಿಡುವುದಿಲ್ಲ. 40 ಗ್ರಾಂ ಸಕ್ಕರೆ ಸಾಕು. ಅಂಚಿಗೆ ಚಿನ್ನದ ಬಣ್ಣ ಬಂದು ನೋಡುವುದಕ್ಕೆ ತಟ್ಟೆಯಲ್ಲಿ ಇದಕ್ಕಿಂತ ಚೆಂದದ್ದು ಬೇರೊಂದಿರಲಿಲ್ಲ. ತಳವೂ ಗಟ್ಟಿಯಾಗಿ ಬಂತು. ಆದರೆ ರುಚಿಯಲ್ಲಿ ಹಣ್ಣು ಬೇರೆ, ಮಸಾಲೆ ಬೇರೆ ಎಂಬಂತಿತ್ತು: ಹೋಳಿನ ಮೇಲೆ ಚಕ್ಕೆಯ ಪುಡಿ ಕೂತಿತ್ತೇ ಹೊರತು ಒಳಗೆ ಇಳಿದಿರಲಿಲ್ಲ. ಅಮ್ಮ ಎರಡನ್ನೂ ತಿಂದು, ಬ್ರಾಮ್ಲಿಯ ತಟ್ಟೆಯತ್ತ ಬೆರಳು ತೋರಿಸಿ, “ಇದು ಹೂರಣ, ಅದು ಬರೀ ಹಣ್ಣು” ಎಂದರು. ಅಷ್ಟು ಕಡಿಮೆ ಮಾತಿನಲ್ಲಿ ಈ ವ್ಯತ್ಯಾಸವನ್ನು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಆದ್ದರಿಂದ ಮೂರನೆಯ ವಾರ ಎರಡನ್ನೂ ಕೂಡಿಸಿದೆ. 250 ಗ್ರಾಂ ಬ್ರಾಮ್ಲಿಯನ್ನು 60 ಗ್ರಾಂ ಸಕ್ಕರೆ ಮತ್ತು ಮಸಾಲೆಯೊಂದಿಗೆ, ಸೌಟಿನಿಂದ ಗೆರೆ ಎಳೆದರೆ ಬಾಣಲೆಯ ತಳ ಒಂದು ಕ್ಷಣ ಕಾಣುವಷ್ಟು ಬತ್ತಿಸಿ, ಆರಿದ ಮೇಲೆ ಅದಕ್ಕೆ ಸಣ್ಣಗೆ ಹೆಚ್ಚಿದ 150 ಗ್ರಾಂ ಹಸಿ ಕಾಕ್ಸ್ ಸೇರಿಸಿದೆ. ಮುದ್ದೆಯ ಹುಳಿ ಮಸಾಲೆಯನ್ನು ಹೊತ್ತುಕೊಂಡಿತು, ಹೋಳುಗಳು ಹಲ್ಲಿಗೆ ಸಿಕ್ಕವು. ಮನೆಯ ಮೂವರೂ ಒಂದೇ ತಟ್ಟೆಯನ್ನು ಆರಿಸಿದ್ದು ಆ ವಾರ ಮಾತ್ರ. ತಳ ಮೆತ್ತಗಾಗುವುದಕ್ಕೆ ಸಿಕ್ಕ ಮದ್ದು ಎರಡು: ಖಾಲಿ ಟ್ರೇಯೊಂದನ್ನು ಓವನ್ನಿನಲ್ಲಿ ಮೊದಲೇ ಕಾಯಿಸಿ ಅದರ ಮೇಲೆ ಅಚ್ಚನ್ನು ಇಡುವುದು, ಮತ್ತು ಹೂರಣ ತುಂಬುವ ಮುನ್ನ ಪ್ರತಿ ಬಟ್ಟಲಿನ ತಳಕ್ಕೆ ಅರ್ಧ ಚಿಕ್ಕ ಚಮಚ ರವೆ ಉದುರಿಸುವುದು. ರವೆಯ ಉಪಾಯವನ್ನು ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ. ನಮ್ಮ ಡಬ್ಬಿಯಲ್ಲಿದ್ದ ಚಿರೋಟಿ ರವೆ ಈ ಕೆಲಸಕ್ಕೆ ಚೆನ್ನಾಗಿ ಒದಗಿತು. ರಸವನ್ನು ಹೀರಿಕೊಂಡು, ಬೆಂದ ಮೇಲೆ ತಾನು ಇದ್ದೇನೆಂದು ತೋರಿಸಿಕೊಳ್ಳಲಿಲ್ಲ.

ವಿಕ್ಟೋರಿಯಾ ಪ್ಲಮ್ ಸಿಕ್ಕಿದ್ದು ಒಂದೇ ವಾರ, ಏಕೆಂದರೆ ಸೆಪ್ಟೆಂಬರ್‌ನಲ್ಲೇ ಅದರ ಕಾಲ ಮುಗಿಯುತ್ತದೆ. ಬಣ್ಣ ಮನಸೆಳೆಯುವಂತಿತ್ತು, ರಸ ಮಾತ್ರ ರವೆಯನ್ನೂ ಮೀರಿ ಹರಿಯಿತು. ಅದು ದೊಡ್ಡ ಕಡುಬಿಗೆ ತಕ್ಕ ಹಣ್ಣು, ಇಷ್ಟು ಚಿಕ್ಕ ಬಟ್ಟಲಿಗಲ್ಲ.

ಮರಸೇಬಿನಲ್ಲಿ ನಾನು ಆರಿಸಿದ್ದು ಕಾನ್ಫರೆನ್ಸ್ ತಳಿ. 1885ರಲ್ಲಿ ನಡೆದ ಮರಸೇಬಿನ ರಾಷ್ಟ್ರೀಯ ಸಮ್ಮೇಳನದಲ್ಲಿ ಬಹುಮಾನ ಗೆದ್ದದ್ದರಿಂದ ಅದಕ್ಕೆ ಆ ಹೆಸರು ಬಂತು. ಮರಸೇಬು ಒಳಗಿನಿಂದ ಹೊರಕ್ಕೆ ಹಣ್ಣಾಗುತ್ತದೆ, ಆದ್ದರಿಂದ ತೊಟ್ಟಿನ ಬಳಿ ಒತ್ತಿದಾಗ ತುಸುವೇ ಬಗ್ಗುವ ಹೊತ್ತಿಗೆ ಹೆಚ್ಚಬೇಕು. ಹೊಟ್ಟೆಯ ಭಾಗ ಮೆತ್ತಗಾಗುವವರೆಗೆ ಕಾದರೆ ಒಳಗೆ ಆಗಲೇ ಕೊಳೆತಿರುತ್ತದೆ. ಹುಳಿ ಕಡಿಮೆಯಿರುವುದರಿಂದ ಇದು ಸೇಬಿಗೆ ಸಾಟಿಯಾಗದು ಎಂದುಕೊಂಡಿದ್ದೆ. ಮಸಾಲೆಯ ಹೋಲಿಕೆಯಲ್ಲಿ ಆ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕಾಯಿತು.

ಮಸಾಲೆಯಲ್ಲಿ ಮೂರು ಪಕ್ಷಗಳಿದ್ದವು. ಒಂದು, ಇಲ್ಲಿನ ಅಂಗಡಿಗಳಲ್ಲಿ ಮಿಕ್ಸ್‌ಡ್ ಸ್ಪೈಸ್ ಎಂದು ಮಾರುವ ಸಿದ್ಧ ಪುಡಿ. ಅದರಲ್ಲಿ ಚಕ್ಕೆ, ಜಾಯಿಕಾಯಿ, ಲವಂಗ, ಶುಂಠಿ, ಆಲ್‌ಸ್ಪೈಸ್ ಎಂಬ ಒಣಗಿದ ಕಾಯಿಗಳ ಜೊತೆಗೆ ಕೊತ್ತಂಬರಿ ಬೀಜವೂ ಇರುತ್ತದೆ. ಸಿಹಿಗೆ ಕೊತ್ತಂಬರಿ ಬೀಜವೇ ಎಂದು ಅಮ್ಮ ಹುಬ್ಬೇರಿಸಿದರು, ಆದರೆ ಅದರ ಕಿತ್ತಳೆಯಂತಹ ಘಮ ಸೇಬಿಗೆ ಒಗ್ಗುತ್ತದೆ ಎಂಬುದನ್ನು ತಿಂದ ಮೇಲೆ ಅವರೇ ಒಪ್ಪಿದರು. ಎರಡು, ಮನೆಯಲ್ಲೇ ಆಗ ಕುಟ್ಟಿದ ಚಕ್ಕೆ, ಎರಡು ಲವಂಗ, ತುರಿದ ಜಾಯಿಕಾಯಿ. ಮೂರು, ಹೋಳಿಗೆಯ ಹೂರಣಕ್ಕೆ ನಮ್ಮ ಮನೆಯಲ್ಲಿ ಹಾಕುವ ಏಲಕ್ಕಿ ಮತ್ತು ಒಣಶುಂಠಿ.

ಬ್ರಾಮ್ಲಿ-ಕಾಕ್ಸ್ ಮಿಶ್ರಣಕ್ಕೆ ಎರಡನೆಯದೇ ಶ್ರೇಷ್ಠ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಸಿದ್ಧ ಪುಡಿ ಕೆಟ್ಟದ್ದಲ್ಲ, ಆದರೆ ಶೀಶೆ ತೆರೆದು ಕೆಲವು ತಿಂಗಳಾಗಿದ್ದರೆ ಅದರಲ್ಲಿ ಉಳಿಯುವುದು ಕಂದು ಬಣ್ಣ ಮಾತ್ರ. ಚಕ್ಕೆಯಲ್ಲಿಯೂ ಆಯ್ಕೆಯಿದೆ: ಬಿರಿಯಾನಿಗೆ ಹಾಕುವ ದಪ್ಪ ತೊಗಟೆಯ ಖಾರ ಬ್ರಾಮ್ಲಿಯ ಹುಳಿಯ ಎದುರು ಗಟ್ಟಿಯಾಗಿ ನಿಲ್ಲುತ್ತದೆ, ಹಾಳೆಯಂತೆ ತೆಳುವಾಗಿ ಸುರುಳಿ ಸುತ್ತಿದ ಸಿಂಹಳದ ಚಕ್ಕೆ ನವಿರಾಗಿದ್ದು ಕಾಕ್ಸ್ ಒಂದನ್ನೇ ಬಳಸುವಾಗ ಹೊಂದುತ್ತದೆ. ಏಲಕ್ಕಿ ಬ್ರಾಮ್ಲಿಯೊಂದಿಗೆ ಸೋತಿತು, ಹುಳಿಯ ನಡುವೆ ಅದನ್ನು ಹುಡುಕಬೇಕಾಯಿತು. ಅದೇ ಏಲಕ್ಕಿ, ಅರ್ಧ ಚಿಕ್ಕ ಚಮಚ ಒಣಶುಂಠಿಯ ಜೊತೆ ಮರಸೇಬಿಗೆ ಸೇರಿದಾಗ, ಹಣ್ಣಿಗೆ ತಾನಾಗಿ ಇಲ್ಲದ ಚುರುಕನ್ನು ಶುಂಠಿ ಕೊಟ್ಟು, ಅದರ ಸೌಮ್ಯವಾದ ಸಿಹಿಯನ್ನು ಏಲಕ್ಕಿ ಎತ್ತಿ ಹಿಡಿದು, ಇಡೀ ಋತುವಿನಲ್ಲಿ ನಾನು ಮಾಡಿದ ಎರಡನೆಯ ಅತ್ಯುತ್ತಮ ಟಾರ್ಟ್‌ಲೆಟ್ ಅದಾಯಿತು. ಬಾಣಲೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಏಲಕ್ಕಿ ಹಾಕಬೇಕು ಎಂಬುದನ್ನು ಪಾಯಸ ಮಾಡಿದವರಿಗೆ ಹೇಳಬೇಕಾಗಿಲ್ಲ.

ಬೆಣ್ಣೆಗೂ ತುಪ್ಪಕ್ಕೂ ನಡೆದ ಹೋಲಿಕೆ ಬೇಗ ತೀರ್ಮಾನವಾಯಿತು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರಿರುತ್ತದೆ, ತುಪ್ಪದಲ್ಲಿ ಇಲ್ಲವೆನ್ನಬಹುದು. ಹಾಗಾಗಿ 100 ಗ್ರಾಂ ಬೆಣ್ಣೆಯ ಬದಲು ಗಟ್ಟಿಯಾದ 85 ಗ್ರಾಂ ತುಪ್ಪ ಬಳಸಿದೆ. ತುಪ್ಪದ ಕಣಕ ನಾನ್‌ಖಟಾಯಿಯಂತೆ ಬಾಯಲ್ಲಿ ಪುಡಿಯಾಗುತ್ತದೆ, ಪರಿಮಳದಲ್ಲಿ ಬೆಣ್ಣೆಯನ್ನು ಹಿಂದಿಕ್ಕುತ್ತದೆ, ಮರುದಿನವೂ ಗರಿಗರಿಯಾಗಿಯೇ ಇರುತ್ತದೆ. ಆದರೆ ಲಟ್ಟಿಸುವಾಗ ಬಿರುಕು ಬಿಡುತ್ತದೆ, ಬಿಸಿಯಿರುವಾಗ ಅಚ್ಚಿನಿಂದ ಎತ್ತಿದರೆ ಒಡೆಯುತ್ತದೆ. ಲಟ್ಟಿಸುವುದನ್ನು ಬಿಟ್ಟು, ಉಂಡೆಯನ್ನು ಅಚ್ಚಿನೊಳಗೇ ಬೆರಳಿನಿಂದ ಒತ್ತಿ ಹರಡಿ, ಬೆಂದ ಮೇಲೆ ಪೂರ್ತಿ ಆರಲು ಬಿಟ್ಟರೆ ಈ ತೊಂದರೆ ಇಲ್ಲ. ಮರಸೇಬು-ಏಲಕ್ಕಿಗೆ ನಾನು ಈಗ ತುಪ್ಪವನ್ನೇ ಬಳಸುತ್ತೇನೆ, ಸೇಬಿಗೆ ಬೆಣ್ಣೆ.

ಮೈಸೂರಿನಲ್ಲಿರುವ ಅಕ್ಕ ಇದನ್ನೆಲ್ಲ ಫೋನಿನಲ್ಲಿ ಕೇಳಿ, ಬ್ರಾಮ್ಲಿ ಸಿಗದ ಊರಿನಲ್ಲಿ ಏನು ಮಾಡಬೇಕೆಂದು ಕೇಳಿದಳು. ಅದಕ್ಕಾಗಿ ಕೊನೆಯ ಶನಿವಾರ, ಅಲ್ಲಿಯೂ ದೊಡ್ಡ ಅಂಗಡಿಗಳಲ್ಲಿ ಸಿಗುವ ಹಸಿರು ಗ್ರ್ಯಾನಿ ಸ್ಮಿತ್ ಸೇಬಿನಲ್ಲಿ ಮಾಡಿ ನೋಡಿದೆ. ಅದು ಬ್ರಾಮ್ಲಿಯಂತೆ ತಾನಾಗಿ ಕರಗುವುದಿಲ್ಲ. 250 ಗ್ರಾಂ ಹಣ್ಣನ್ನು ತುರಿದು, ಎರಡು ಚಿಕ್ಕ ಚಮಚ ನಿಂಬೆರಸ ಸೇರಿಸಿ, ಹನ್ನೆರಡು ನಿಮಿಷ ಬತ್ತಿಸಿದಾಗ ಹತ್ತಿರದ ಹದ ಬಂತು, ಹುಳಿಯೂ ಸಾಕಷ್ಟಿತ್ತು. ಹೋಳುಗಳಿಗೆ ಕಾಕ್ಸ್ ಬದಲು ಅಲ್ಲಿ ಸಿಗುವ, ಗಟ್ಟಿಯಾಗಿರುವ ಯಾವುದೇ ಕೆಂಪು ಸೇಬು ಆಗುತ್ತದೆ ಎಂದು ಹೇಳಿದ್ದೇನೆ. ಅವಳ ಓವನ್ ಚಿಕ್ಕದು, ಒಂದು ಸಲಕ್ಕೆ ಆರೇ ಹಿಡಿಯುತ್ತವೆ. ಉಳಿದ ಆರು ಬಟ್ಟಲುಗಳ ಕಣಕವನ್ನು ಆ ಹೊತ್ತು ಫ್ರಿಜ್ಜಿನಲ್ಲಿ ಇಟ್ಟಿರಬೇಕು, ಮೈಸೂರಿನ ಸೆಕೆಗೆ ಬೆಣ್ಣೆ ಕರಗಿದರೆ ಬಟ್ಟಲಿನ ಅಂಚು ಬೇಯುವಾಗ ಕುಸಿಯುತ್ತದೆ.