ಬ್ಯಾರಲ್ಲೋ, ರಿಂಗೋ, ರೀಡೋ: ಕ್ಲಾರಿನೆಟ್ ಶ್ರುತಿ ಸೇರದಿದ್ದಾಗ

ಬಳ್ಳಾರಿ, ರಾಯಚೂರು ಕಡೆಯ ಬ್ಯಾಂಡ್‌ಸೆಟ್‌ಗಳಲ್ಲಿ ಮೇ ತಿಂಗಳ ಮದುವೆ ಸೀಸನ್ನಿಗೆ ಬರುವ ದೂರು ಒಂದೇ: ಕ್ಲಾರಿನೆಟ್ ಏರುತ್ತದೆ, ಕೀಬೋರ್ಡ್ ಇದ್ದಲ್ಲೇ ಇರುತ್ತದೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದ ವೇಗವಾಗಿ ಓಡುತ್ತದೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಉಸಿರು ಕೊಳವೆಯನ್ನು ಹೇಗೂ ಬೆಚ್ಚಗಿಟ್ಟಿರುವುದರಿಂದ ಬಿಸಿಲಿನ ಪೂರ್ತಿ ಲೆಕ್ಕ ಸ್ವರಕ್ಕೆ ಬರುವುದಿಲ್ಲ. ಆದರೂ 15 ಸೆಂಟ್ ಏರಿದರೆ ಸಾಕು, ಕಿವಿ ಇದ್ದವರು ಮುಖ ಕಿವುಚುತ್ತಾರೆ. ಜೊತೆಗೆ ಹಾರ್ಮೋನಿಯಂ ಇದ್ದರಂತೂ ಕಥೆ ಮುಗಿಯಿತು: ಅದರ ಹಿತ್ತಾಳೆ ರೀಡು ಬಿಸಿಗೆ ತುಸು ಇಳಿಯುತ್ತದೆ.

ಅಂಗಡಿಗೆ ಹೋಗುವ ಮುಂಚೆ ಹತ್ತು ನಿಮಿಷ ಊದಿ ವಾದ್ಯ ಬೆಚ್ಚಗಾಗಲಿ. ಮೊಬೈಲಿನ ಟ್ಯೂನರ್ 440ಕ್ಕೆ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ) ಇಟ್ಟು ಮೂರೇ ಸ್ವರ ನೋಡಿ: ಒಂದೂ ಬೆರಳಿಡದ ಜಿ, ಎಲ್ಲ ಮುಚ್ಚಿದ ತಳದ ಇ, ಅದೇ ಬೆರಳಿಗೆ ರಿಜಿಸ್ಟರ್ ಕೀ (ಸ್ವರವನ್ನು ಮೇಲಿನ ಸ್ಥಾಯಿಗೆ ಹಾರಿಸುವ, ಎಡ ಹೆಬ್ಬೆರಳಿನ ಕೀ) ಒತ್ತಿದಾಗ ಬರುವ ಬಿ. ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನ ಸಿ ಹಾರ್ಮೋನಿಯಂನ ಕರಿ ಐದಕ್ಕೆ ಸೇರುವುದರಿಂದ ಟ್ಯೂನರ್ ಇವನ್ನು ಎಫ್, ಡಿ, ಎ ಎಂದು ತೋರಿಸುತ್ತದೆ, ಗಾಬರಿ ಬೇಡ. ಮೂರರ ಮುಂದೆಯೂ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಬರೆದುಕೊಳ್ಳಿ. ಮುಂದಿನದೆಲ್ಲ ಈ ಚೀಟಿಯ ಮೇಲೆ ನಿಂತಿದೆ.

ಬ್ಯಾರಲ್, ಅಂದರೆ ಮೌತ್‌ಪೀಸಿಗೂ ಮೇಲಿನ ತುಂಡಿಗೂ ನಡುವಿನ ಗಿಡ್ಡ ಕೊಳವೆ, ಹೊರಗೆಳೆಯುವುದು ಪುಕ್ಕಟೆ ಉಪಾಯ. ಆದರೆ ಅದು ಎಲ್ಲ ಸ್ವರಗಳನ್ನೂ ಸಮ ಇಳಿಸುವುದಿಲ್ಲ. ಓಪನ್ ಜಿಗೆ ಕೊಳವೆಯ ಲೆಕ್ಕದ ಉದ್ದ ಸುಮಾರು 246 ಮಿ.ಮೀ., ತಳದ ಇಗೆ ಸುಮಾರು 584. ಹಾಗಾಗಿ 1 ಮಿ.ಮೀ. ಎಳೆದರೆ ಜಿ ಸುಮಾರು 7 ಸೆಂಟ್ ಇಳಿಯುತ್ತದೆ, ಇ ಬರೀ 3. ಎರಡು ಮಿ.ಮೀ. ಎಳೆದಾಗ ಜಿ 14 ಇಳಿದು ಕೂತಿರುತ್ತದೆ, ಇ 6ಕ್ಕೇ ನಿಂತಿರುತ್ತದೆ. ಜೊತೆಗೆ ಎಳೆದ ಜಾಗದಲ್ಲಿ ಕೊಳವೆಗಿಂತ ಅಗಲವಾದ ಕುಳಿ ಬೀಳುತ್ತದೆ. ಅಲ್ಲಿ ಉಸಿರಿನ ನೀರು ನಿಲ್ಲುತ್ತದೆ, ಥ್ರೋಟ್ ಸ್ವರಗಳು (ಓಪನ್ ಜಿ ಮತ್ತು ಅದರ ಪಕ್ಕದ, ಕೊಳವೆಯ ಮೇಲ್ಭಾಗದಿಂದ ಬರುವ ಸ್ವರಗಳು) ಇನ್ನಷ್ಟು ಇಳಿದು ಮಂಕಾಗುತ್ತವೆ.

ಆ ಕುಳಿ ತುಂಬಲು ಟ್ಯೂನಿಂಗ್ ರಿಂಗ್. ಅರ್ಧ, ಒಂದು, ಎರಡು ಮಿ.ಮೀ. ದಪ್ಪದವು ಬರುತ್ತವೆ, ಎಳೆದಷ್ಟೇ ದಪ್ಪದ್ದನ್ನು ಬ್ಯಾರಲ್ಲಿನ ಕೆಳಬಾಯಿಯೊಳಗೆ ಕೂರಿಸಬೇಕು. ರಿಂಗಿನ ತೂತು ಕೊಳವೆಯ ಒಳಅಳತೆಗಿಂತ ಸಣ್ಣದಿದ್ದರೆ ಒಳಗೆ ಅಂಚು ಚಾಚಿಕೊಂಡು ಸ್ವರ ಕೆಡುತ್ತದೆ, ಆದ್ದರಿಂದ ಕ್ಯಾಲಿಪರ್ ಹಿಡಿದು ಅಳೆದೇ ಕೊಳ್ಳಿ. ಇನ್ನೊಂದು ತಾಪತ್ರಯ: ಮಧ್ಯಾಹ್ನ ಹಾಕಿದ ರಿಂಗನ್ನು ಬೆಳಗಿನ ಜಾವದ ತಂಪಿನಲ್ಲಿ ತೆಗೆಯಲು ಮರೆತರೆ ಬ್ಯಾರಲ್ ಪೂರ್ತಿ ಒಳಗೆ ಹೋಗುವುದಿಲ್ಲ, ವಾದ್ಯ ಇಳಿದೇ ಇರುತ್ತದೆ.

ಉದ್ದ ಬ್ಯಾರಲ್ ಕೊಂಡರೆ ಕುಳಿಯ ಗೊಡವೆ ಇಲ್ಲ. ಸಾಮಾನ್ಯವಾಗಿ 65 ಅಥವಾ 66 ಮಿ.ಮೀ. ಇರುತ್ತದೆ, 67ರದ್ದು ನಮ್ಮ ಸೆಖೆಗೆ ಸರಿ. ಸ್ವರ ಶುದ್ಧ, ನೀರೂ ನಿಲ್ಲುವುದಿಲ್ಲ. ಆದರೆ ಜಿ–ಇ ನಡುವಿನ ಅಂತರ ಮಾತ್ರ ಹಾಗೇ ಉಳಿಯುತ್ತದೆ, ಯಾಕೆಂದರೆ ಉದ್ದದ ಲೆಕ್ಕ ಬದಲಾಗಿಲ್ಲ. ಅದನ್ನು ಸರಿಮಾಡುವುದು ನಡುವಿನ ಕೀಲು. ಬ್ಯಾರಲ್ ಒಂದೂವರೆ ಎಳೆದು, ಮೇಲಿನ ಕೆಳಗಿನ ತುಂಡು ಸೇರುವಲ್ಲಿ 1 ಮಿ.ಮೀ. ಎಳೆಯಿರಿ. ಜಿ 10ರಷ್ಟು ಇಳಿಯುತ್ತದೆ, ಇ ಎರಡೂವರೆ ಮಿ.ಮೀ. ಲೆಕ್ಕದಲ್ಲಿ 7–8 ಇಳಿಯುತ್ತದೆ. ಎರಡೂ ಹತ್ತಿರ ಬಂದವು! ಬೋಹ್ಮ್ ಸಿಸ್ಟಂ ಎಂಬ ಕೀ ಜೋಡಣೆಯ ವಾದ್ಯದಲ್ಲಿ ಇದಕ್ಕಿಂತ ಹೆಚ್ಚು ಎಳೆದರೆ ಎರಡು ತುಂಡಿನ ನಡುವಿನ ಬ್ರಿಜ್ ಕೀ ಸರಿಯಾಗಿ ತಾಗುವುದಿಲ್ಲ. ದುಡ್ಡು ಖರ್ಚು ಮಾಡುವ ಮುಂಚೆ ಇದನ್ನೇ ಮೊದಲು ಮಾಡಿ ನೋಡಿ ಎನ್ನುತ್ತೇವೆ. ಇದರಿಂದಲೂ ಸಾಲದಿದ್ದರೆ 67.

ಇಳಿಯುವವರ ಕಥೆ ಬೇರೆ. ಜೋರಾಗಿ ಊದಿದಾಗಲೇ ಇಳಿಯುತ್ತದೆ ಎಂದರೆ ನೇರ ರೀಡ್, ಅಂದರೆ ಮೌತ್‌ಪೀಸಿಗೆ ಕಟ್ಟುವ ಕಂಪಿಸುವ ಪಟ್ಟಿ, ನೋಡಿ. ವ್ಯಾಂಡೋರೆನ್ ಬಿ45ರಂಥ ಅಗಲ ಬಾಯಿಯ (1.195 ಮಿ.ಮೀ.) ಮೌತ್‌ಪೀಸಿಗೆ 2 ನಂಬರ್ ರೀಡ್ (ನಂಬರ್ ಹೆಚ್ಚಿದಷ್ಟೂ ಗಟ್ಟಿ) ಕಟ್ಟಿದರೆ ಬೀದಿಯಲ್ಲಿ ಅದು ಇಳಿಯದೆ ಮತ್ತೇನು? ಎರಡೂವರೆ, ಆಮೇಲೆ ಮೂರು ಹಾಕಿ ನೋಡಿ. ಅದರ ಬದಲು 64ರ ಗಿಡ್ಡ ಬ್ಯಾರಲ್ ಕೊಂಡವರಿಗೆ ಥ್ರೋಟ್ ಸ್ವರ ಹಾರಿಹೋಗುತ್ತದೆ, ತಳ ಇಳಿದೇ ಇರುತ್ತದೆ. ನಮ್ಮ ಒಣಹವೆಗೆ ಜೊಂಡಿನ ರೀಡಿನ ತುದಿ ಬೇಗ ಒಣಗಿ ಅಲೆಅಲೆಯಾಗುತ್ತದೆ. ಮೆರವಣಿಗೆಯಲ್ಲಿ ನಿಂತು ನಿಂತು ಊದುವವರಿಗೆ ಲೆಜೆರ್‌ನಂಥ ಪ್ಲಾಸ್ಟಿಕ್ ರೀಡ್ ಒಪ್ಪುತ್ತದೆ, ನಾದ ಸ್ವಲ್ಪ ಬೋಳು.

ಮೂರು ಸ್ವರವೂ ಒಂದೇ ಅಳತೆಯಲ್ಲಿ ಏರಿದ್ದರೆ ಮಾತ್ರ ಮೌತ್‌ಪೀಸ್ ಮಾತು. ಬಿ45 442ರ ಸುತ್ತಿಗೆ ಮಾಡಿದ್ದು, ಅದೇ ಕಂಪನಿಯ 13 ಸರಣಿ 440ಕ್ಕೆ. ರೀಡನ್ನು ಮೌತ್‌ಪೀಸಿಗೆ ಬಿಗಿಯುವ ಲಿಗೇಚರಿಗೆ ದುಡ್ಡು ಸುರಿಯಬೇಡಿ, ಶ್ರುತಿಗೆ ಅದು ಏನೂ ಮಾಡದು.

ಅಜ್ಜನ ಕಾಲದ ವಾದ್ಯದ ಮೇಲೆ ಎಚ್‌ಪಿ (ಹೈ ಪಿಚ್) ಎಂದು ಒತ್ತಿದ್ದರೆ ಅದು 452ರ ಸುತ್ತಿನ ಹಳೇ ಎತ್ತರದ ಶ್ರುತಿ, 440ಕ್ಕಿಂತ 47 ಸೆಂಟ್ ಮೇಲೆ. ಜಿ ಇಳಿಸಲು ಆರೂವರೆ ಮಿ.ಮೀ. ಎಳೆಯಬೇಕು, ಆಗ ಇ 20 ಮಾತ್ರ ಇಳಿದಿರುತ್ತದೆ. ಅದನ್ನು ಗೋಡೆಗೆ ತೂಗುಹಾಕಿ.

ಒಂದೇ ಸ್ವರ ಏರುತ್ತಿದ್ದರೆ ಆ ತೂತಿನ ಮೇಲಂಚಿಗೆ, ಮೌತ್‌ಪೀಸ್ ಕಡೆಗೆ, ಇನ್ಸುಲೇಶನ್ ಟೇಪನ್ನು ಅರ್ಧಚಂದ್ರದಂತೆ ಕತ್ತರಿಸಿ ಒಳಗೋಡೆಗೆ ಅಂಟಿಸಿ, ಪ್ಯಾಡ್ ಕೂರುವ ಅಂಚಿಗೆ ತಾಗದಂತೆ. ಅದೇ ಬೆರಳಿಗೆ ರಿಜಿಸ್ಟರ್ ಕೀ ಒತ್ತಿದಾಗ ಬರುವ ಮೇಲಿನ ಸ್ವರವನ್ನೂ ಮತ್ತೆ ನೋಡಲೇಬೇಕು.

ಕೀಬೋರ್ಡ್ ಒಂದೇ ಜೊತೆಗಿದ್ದರೆ ಅದರ ಟ್ಯೂನ್ ಸೆಟ್ಟಿಂಗನ್ನು 442 ಅಥವಾ 444ಕ್ಕೆ ಏರಿಸಿ. 444 ಅಂದರೆ 15–16 ಸೆಂಟ್. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಜನವರಿಯ ಚಳಿಗೆ, ಅದನ್ನು ಮರಳಿ 440ಕ್ಕೆ ತಂದು, ರಿಂಗ್ ತೆಗೆದು, ಊದುವ ಮುಂಚೆ ಬ್ಯಾರಲನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದಿರಿ.