ಲಂಡನ್ನಿನ ಬಾಡಿಗೆ ಇ-ಬೈಕ್: ಸವಾರಿಗೆ ನಾಲ್ಕು ಸ್ಟಾರ್, ನಿಲ್ಲಿಸುವ ವ್ಯವಸ್ಥೆಗೆ ಎರಡೇ

ಲಂಡನ್ನಿಗೆ ಹೊಸದಾಗಿ ಬಂದ ನಮ್ಮವರು ತಪ್ಪದೇ ಕೇಳುವ ಪ್ರಶ್ನೆ ಇದು: ಬೀದಿ ಬದಿ ನಿಂತಿರೋ ಆ ಹಸಿರು ಬೈಕ್ ತಗೋಬಹುದಾ? ಧಾರಾಳವಾಗಿ ತಗೊಳ್ಳಿ. ಆದರೆ ಹೋಗುವ ಕಡೆ ಅದನ್ನು ಬಿಡೋಕೆ ಜಾಗ ಇದೆಯಾ ಅಂತ ಮೊದಲು ಮ್ಯಾಪಿನಲ್ಲಿ ನೋಡಿ, ಆಮೇಲೆ ಬೀಗ ತೆಗೆಯಿರಿ.

ಸವಾರಿ ಚೆನ್ನಾಗಿದೆ. ಎರಡು ಸಲ ಪೆಡಲ್ ತುಳಿದರೆ ಮೋಟರ್ ಕೈಜೋಡಿಸುತ್ತದೆ, ಏರಿನಲ್ಲೂ ಏದುಸಿರು ಬರುವುದಿಲ್ಲ, ಆಫೀಸಿಗೆ ಬೆವರದೆ ಹೋಗಬಹುದು. ವೇಗ ಗಂಟೆಗೆ ಸುಮಾರು 25 ಕಿ.ಮೀ. ದಾಟಿದರೆ ಮೋಟರ್ ಸುಮ್ಮನಾಗುತ್ತದೆ, ಕಾನೂನೇ ಹಾಗಿದೆ. ಲೈಸೆನ್ಸ್ ಬೇಡ. ದುಡ್ಡಿನ ವಿಷಯದಲ್ಲಿ ಮಾತ್ರ ಲೆಕ್ಕ ಹಾಕಿ: ಆ ಹಸಿರು ಬೈಕಿನ ಕಂಪನಿ ಲೈಮ್‌ನಲ್ಲಿ ಸುಮ್ನೆ ಹಾಗೇ ತಗೊಂಡರೆ 2025ರಲ್ಲಿ ಬೀಗ ತೆಗೆಯೋಕೆ 1 ಪೌಂಡ್ ಇತ್ತು, ಆಮೇಲೆ ನಿಮಿಷಕ್ಕಿಷ್ಟು. ಆಗ ಬಸ್ಸಿಗೆ 1.75 ಪೌಂಡ್ ಕೊಟ್ಟರೆ ಎಷ್ಟು ದೂರ ಬೇಕಾದರೂ ಹೋಗಬಹುದಿತ್ತು. ಹಾಗಾಗಿ ಹತ್ತು ನಿಮಿಷದ ದಾರಿಗೆ ಬೈಕ್, ಅದಕ್ಕಿಂತ ದೂರಕ್ಕೆ ಬಸ್ ಅನ್ನೋದು ನನ್ನ ಲೆಕ್ಕ.

ಈಗ ನಿಲ್ಲಿಸುವ ವಿಷಯ. ಇವು ತುಂಬಾ ಭಾರದ ಬೈಕುಗಳು. ಒಂದು ಫುಟ್‌ಪಾತಿನ ಮೇಲೆ ಅಡ್ಡ ಬಿದ್ದರೆ ಹ್ಯಾಂಡಲ್ ಮನೆಯ ಗೋಡೆಗೆ ತಾಗುತ್ತದೆ, ಹಿಂದಿನ ಚಕ್ರ ರಸ್ತೆ ಅಂಚಿಗೆ ಬರುತ್ತದೆ. ಆರೋಗ್ಯವಾಗಿರುವವರು ಅದನ್ನು ದಾಟಿಕೊಂಡು ಹೋಗುತ್ತಾರೆ. ವೀಲ್‌ಚೇರಿನವರು ಹಿಂದಕ್ಕೆ ತಿರುಗಿ ಇಳಿಜಾರು ಇರುವ ಕಡೆ ಹುಡುಕಿ ರಸ್ತೆಗೆ ಇಳಿಯಬೇಕು. ಬಿಳಿ ಕೋಲು ಹಿಡಿದವರಿಗೆ ಅದು ಮೊಣಕಾಲಿಗೆ ಬಡಿದ ಮೇಲೇ ಗೊತ್ತಾಗೋದು. ಬೈಕ್ ಬಿಟ್ಟವರು ಫೋಟೊ ತೆಗೆದು ಆಪಿಗೆ ಹಾಕಿ ಹೋಗಿರುತ್ತಾರೆ, ಆಗ ನೆಟ್ಟಗೇ ನಿಂತಿರುತ್ತದೆ, ರಾತ್ರಿ ಗಾಳಿಗೋ ಯಾರದೋ ಕಾಲಿಗೋ ಬೀಳುತ್ತದೆ. ಸವಾರರಿಗೆ ದಂಡ ಹಾಕುವುದೊಂದೇ ದಾರಿ ಅಂತ ನನಗೆ ಅನ್ನಿಸುವುದಿಲ್ಲ. ಜಾಗವನ್ನೇ ಕೊಡದೆ ಸರಿಯಾಗಿ ನಿಲ್ಲಿಸಿ ಅಂದರೆ ಅವರಾದರೂ ಎಲ್ಲಿ ನಿಲ್ಲಿಸಬೇಕು?

ಜಾಗ ಕೊಡಬೇಕಾದವರು ಕೌನ್ಸಿಲ್‌ನವರು, ಅಂದರೆ ನಮ್ಮ ನಗರಪಾಲಿಕೆ ಥರದವರು. ಲಂಡನ್ನಿನಲ್ಲಿ ಬರೋ (borough) ಅನ್ನುವ 32 ಆಡಳಿತ ವಿಭಾಗಗಳು, ಜೊತೆಗೆ ಸಿಟಿ ಆಫ್ ಲಂಡನ್, ಒಟ್ಟು 33 ಆಡಳಿತ. ಬಹುತೇಕ ಬೀದಿಗಳು ಇವರ ಕೈಯಲ್ಲೇ ಇವೆ. ಆದರೆ ಸ್ಟ್ಯಾಂಡ್ ಇಲ್ಲದೆ ಎಲ್ಲೆಂದರಲ್ಲಿ ಬಿಡುವ ಈ ಬೈಕ್ ಕಂಪನಿಗಳು ಬಂದಾಗ ಕೌನ್ಸಿಲ್‌ನಿಂದ ಲೈಸೆನ್ಸ್ ಪಡೆಯಬೇಕು ಅನ್ನುವ ಕಾನೂನೇ ಇರಲಿಲ್ಲ. ಹಾಗಾಗಿ ಕೌನ್ಸಿಲ್‌ಗಳು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾ ಬಂದವು, ಒಪ್ಪದೇ ಹೋದರೆ ದಾರಿಗೆ ಅಡ್ಡ ಅಂತ 1980ರ ಹೆದ್ದಾರಿ ಕಾಯ್ದೆ ಹಿಡಿದು ಬೈಕ್ ಎತ್ತಿಸಿದವು. ಕೆನ್ಸಿಂಗ್ಟನ್ ಅಂಡ್ ಚೆಲ್ಸಿ ಕೌನ್ಸಿಲ್ 2025ರಲ್ಲಿ ರಾಶಿ ರಾಶಿ ಬೈಕ್ ಎತ್ತಿಕೊಂಡು ಹೋಗಿ, ಬಿಡಿಸಿಕೊಳ್ಳಲು ಕಂಪನಿಗಳಿಂದ ಹಣ ಕಟ್ಟಿಸಿಕೊಂಡಿತು. ಬ್ರೆಂಟ್ ಕೌನ್ಸಿಲ್ 2024ರಲ್ಲಿ, ಸರಿಮಾಡದಿದ್ದರೆ ಅಕ್ಟೋಬರ್ ಕೊನೆಗೆ ಬೈಕ್ ತೆಗೆಯಿರಿ ಅಂತ ಲೈಮ್‌ಗೆ ಗಡುವು ಕೊಟ್ಟಿತು, ಆಮೇಲೆ ಗೊತ್ತುಮಾಡಿದ ಜಾಗದಲ್ಲೇ ನಿಲ್ಲಿಸಬೇಕು ಅನ್ನುವ ಮಾತಿಗೆ ಬಂದು ನಿಂತಿತು.

ಆ ಗೊತ್ತುಮಾಡಿದ ಜಾಗಕ್ಕೆ ಇಲ್ಲಿ ಬೇ ಅನ್ನುತ್ತಾರೆ. ರಸ್ತೆ ಬದಿ ಕಾರು ನಿಲ್ಲುತ್ತಿದ್ದ ಕಡೆ ಬಿಳಿ ಬಣ್ಣದ ಚೌಕ, ಒಳಗೆ ಸೈಕಲ್ ಚಿತ್ರ, ಅಷ್ಟೇ. ಒಂದು ಕಾರಿನ ಜಾಗದಲ್ಲಿ ಎಂಟು ಹತ್ತು ಬೈಕ್ ಹಿಡಿಸುತ್ತವೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬೇ ಬಿಟ್ಟು ಬೇರೆ ಕಡೆ ಸವಾರಿ ಮುಗಿಸುವ ಹಾಗಿಲ್ಲ. ಇದು ನನಗೆ ಮನಸಾರೆ ಇಷ್ಟ. ಬೈಕ್ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಿತು, ಬಿದ್ದರೂ ಚೌಕದೊಳಗೇ ಬೀಳುತ್ತದೆ. ಕೆಲವು ಕಡೆ ಬೇಯನ್ನು ಫುಟ್‌ಪಾತಿನ ಮೇಲೇ ಬರೆದಿದ್ದಾರೆ, ಅದು ತಪ್ಪು. ಇನ್ನೊಂದು ತೊಂದರೆ, ಸಂಜೆ ಹೊತ್ತು ಸ್ಟೇಷನ್ ಹತ್ತಿರದ ಬೇ ಉಕ್ಕಿ ಹರಿಯುತ್ತಿರುತ್ತದೆ, ಮುಂದಿನದು ಎರಡು ಬೀದಿ ಆಚೆ, ಮೀಟರ್ ಓಡುತ್ತಲೇ ಇರುತ್ತದೆ. ನಡೆದು ಎರಡು ಮೂರು ನಿಮಿಷಕ್ಕೊಂದು ಬೇ ಇಲ್ಲದಿದ್ದರೆ ಜನ ನಿಯಮ ಪಾಲಿಸುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರೋದು ಗಡಿಗಳ ವಿಷಯಕ್ಕೆ. ಹೌನ್ಸ್ಲೋ ಕೌನ್ಸಿಲ್ ಫಾರೆಸ್ಟ್ ಮತ್ತು ವಾಯ್ ಅನ್ನುವ ಬೈಕ್ ಕಂಪನಿಗಳಿಗೆ ಅನುಮತಿ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ಲೈಮ್ ಅಲ್ಲಿಂದ ಹೊರಟಿತು. ಪಕ್ಕದ ರಿಚ್‌ಮಂಡ್‌ನಲ್ಲಿ, ಈಲಿಂಗ್‌ನಲ್ಲಿ ಲೈಮ್ ಇದ್ದೇ ಇತ್ತು. ರಿಚ್‌ಮಂಡ್‌ನ ಕ್ಯೂ ಗಾರ್ಡನ್ಸ್ ಕಡೆ ಲೈಮ್ ಹತ್ತಿ ಕ್ಯೂ ಬ್ರಿಡ್ಜ್ ದಾಟಿದರೆ ಎದುರಿಗೇ ರೈಲು ಸ್ಟೇಷನ್ ಕಾಣುತ್ತದೆ, ಆದರೆ ನದಿಯ ಆ ದಡ ಹೌನ್ಸ್ಲೋ, ಅಲ್ಲಿ ಸವಾರಿ ಮುಗಿಸುವಂತಿಲ್ಲ. ಕೆಲಸಕ್ಕೆ ಓಡುವವರಿಗೆ ಬರೋಗಳ ಗಡಿ ಕಟ್ಟಿಕೊಂಡು ಏನಾಗಬೇಕು? ಕೌನ್ಸಿಲ್ ತಾನೇ ಕಂಪನಿ ಆರಿಸಿ ಷರತ್ತು ಹಾಕಿದ್ದು ಒಳ್ಳೆಯದೇ, ಅದನ್ನು ನೆರೆಯವರ ಜೊತೆ ಕೂತು ಮಾಡಬೇಕಿತ್ತು. ನಿಂತು ಓಡಿಸುವ ಇ-ಸ್ಕೂಟರ್ ವಿಷಯದಲ್ಲಿ ಇದೇ ಊರು ಜಾಣತನ ತೋರಿಸಿತ್ತು ಅಲ್ವಾ. 2021ರಲ್ಲಿ ಶುರುವಾದ ಬಾಡಿಗೆ ಸ್ಕೂಟರ್ ಪ್ರಯೋಗವನ್ನು ನಗರದ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಮತ್ತು ಬರೋಗಳು ಸೇರಿಯೇ ನಡೆಸಿದವು, ಮೊದಲ ದಿನದಿಂದಲೇ ಬೇಯಲ್ಲೇ ನಿಲ್ಲಿಸಬೇಕಿತ್ತು. 2025ರ ಜುಲೈನಲ್ಲಿ ಪಾರ್ಲಿಮೆಂಟಿಗೆ ಬಂದ ಅಧಿಕಾರ ವಿಕೇಂದ್ರೀಕರಣ ಮಸೂದೆಯಲ್ಲಿ ಬಾಡಿಗೆ ಬೈಕುಗಳಿಗೆ ಲೈಸೆನ್ಸ್ ಪದ್ಧತಿ ಇತ್ತು. ಇಡೀ ಲಂಡನ್ನಿಗೆ ಒಂದೇ ಲೈಸೆನ್ಸ್ ಆಗಲಿ, ಬೇ ಎಲ್ಲಿ ಬರೆಯಬೇಕು ಅನ್ನೋದು ಮಾತ್ರ ಬೀದಿ ಗೊತ್ತಿರುವ ಕೌನ್ಸಿಲ್ ಕೈಯಲ್ಲಿರಲಿ.

ಬೆಂಗಳೂರಿನವರೂ ಇದನ್ನು ಗಮನಿಸಬೇಕು. ಅಲ್ಲಿ ಯುಲು ಬಾಡಿಗೆ ಇ-ಬೈಕ್ ಓಡುತ್ತಿದೆ, 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಐದೂ ಐದು ನಿಯಮ ಮಾಡಿದರೆ ಕ್ಯೂ ಬ್ರಿಡ್ಜ್ ಕಥೆ ಅಲ್ಲೂ ಶುರುವಾಗುತ್ತದೆ. ಮೆಟ್ರೊ ಸ್ಟೇಷನ್ ಮೆಟ್ಟಿಲ ಬುಡದಲ್ಲಿ ಗೆರೆ ಹಾಕಿ ಜಾಗ ಗುರುತಿಸುವ ಕೆಲಸ ಈಗಲೇ ಆಗಲಿ.

ಲಂಡನ್ನಿನಲ್ಲಿರುವ ನಮ್ಮವರಿಗೆ ಒಂದು ಮಾತು. ನಿಮ್ಮ ಬೀದಿಯ ದೀಪದ ಕಂಬಕ್ಕೆ ಕೌನ್ಸಿಲ್ ನೋಟಿಸ್ ಕಟ್ಟಿ, ಇಲ್ಲೊಂದು ಕಾರಿನ ಜಾಗ ತೆಗೆದು ಬೈಕ್ ಬೇ ಮಾಡುತ್ತೇವೆ ಅಂದರೆ ಒಂದು ಇಮೇಲ್ ಹಾಕಿ, ಬೇಕು ಅಂತ ಬರೆಯಿರಿ. ಕಾರು ನಿಲ್ಲಿಸೋಕೆ ಜಾಗ ಹೋಗುತ್ತದೆ ಅನ್ನುವವರಂತೂ ತಪ್ಪದೇ ಬರೆಯುತ್ತಾರೆ.